ಬಸ್ ನಿಲ್ದಾಣದ ಕೆಂಪು ಕೊಡೆ

ರಸ್ತೆ ಅಗಲ ಮಾಡುವಾಗ ನಮ್ಮೂರ ಬಸ್ ನಿಲ್ದಾಣದ ಹೊಂಗೆ ಮರ ಹೋಯಿತು. ಅದರ ಬುಡದಲ್ಲಿ ಮುದ್ದಮ್ಮ ಹುರಿದ ಕಡಲೆಕಾಯಿ ಮಾರುತ್ತಿದ್ದಳು. ಅವಳಿಗಿಂತ ಮುಂಚೆ ಅವಳ ಅತ್ತೆ ಮಾರುತ್ತಿದ್ದಳು. ಮರ ಹೋದ ಮೇಲೂ ಮುದ್ದಮ್ಮ ಅದೇ ಜಾಗದಲ್ಲಿ ಕುಳಿತಳು, ಬೇಸಿಗೆಯಲ್ಲಿ ಎರಡು ಸಲ ತಲೆಸುತ್ತಿ ಬಿದ್ದಳು. ಇನ್ನೂ ಬಿಸಿಲಲ್ಲಿ ಕೂತರೆ ಮೇಲೇಳುವುದಿಲ್ಲ ಎಂದು ಬಾಣಾವರದ ಡಾಕ್ಟರು ಹೇಳಿದರು. ಕೂರದಿದ್ದರೆ ಒಲೆ ಉರಿಯುವುದಿಲ್ಲ ಎಂದು ಇವಳು ಅವರಿಗೆ ಹೇಳಿದಳಂತೆ.

ಬಸ್ಸಿಗೆ ಕಾಯುವವರಿಗೂ ನೆರಳು ಬೇಕಿತ್ತು. ಊರಿನವರು ಸೇರಿ ಒಂದು ದೊಡ್ಡ ಕೊಡೆ ತರುವುದೆಂದು ತೀರ್ಮಾನಿಸಿ, ಕೊಬ್ಬರಿ ವ್ಯಾಪಾರದ ಷಡಕ್ಷರಪ್ಪನವರನ್ನೂ ನನ್ನನ್ನೂ ಅರಸೀಕೆರೆಗೆ ಕಳಿಸಿದರು. ಅವರಿಗೆ ಮಾಲು ನೋಡಿ ಗೊತ್ತು. ನನ್ನನ್ನು ಯಾಕೆ ಕಳಿಸಿದರೋ, ನಾನು ಕೇಳಲಿಲ್ಲ.

ಅಂಗಡಿಯ ಇಂದ್ರೇಶ ಮೊದಲು ನೀಲಿ ಕೊಡೆ ಬಿಚ್ಚಿದ. ಷಡಕ್ಷರಪ್ಪನವರು ಬಟ್ಟೆಯನ್ನು ಬಿಸಿಲಿಗೆ ಹಿಡಿದರು. ಬಿಸಿಲು ಈಚೆ ಬಂತು.

"ಇದು ಆಷಾಢದ ಗಾಳಿಗೆ ತಿಪಟೂರಿಗೆ ಹೋಗಿ ಬೀಳ್ತದೆ. ಬೇರೆ ತೋರ್ಸಯ್ಯ."

ಎರಡನೆಯದು ಕೆಂಪು. ಬಟ್ಟೆ ದಪ್ಪ, ಕಂಬ ಕಬ್ಬಿಣ. ಒದ್ದೆ ಕರವಸ್ತ್ರದಲ್ಲಿ ತಿಕ್ಕಿದರೂ ಬಣ್ಣ ಬಿಡಲಿಲ್ಲ. ಆದರೆ ನೆತ್ತಿಯಲ್ಲಿ ತೂತಿತ್ತು.

"ತೂತಿನ ಕೊಡೆ ಮಾರ್ತೀಯೇನಯ್ಯ?"

"ಅದು ಗಾಳಿ ಹೋಗಕ್ಕೆ ಸಾರ್. ಮೇಲೆ ಇನ್ನೊಂದು ಟೋಪಿ ಇದೆ ನೋಡಿ, ಮಳೆ ಇಳಿಯಲ್ಲ. ಗಾಳಿ ಒಳಗೆ ಸಿಕ್ಕಾಕೊಂಡ್ರೆ ತಾನೇ ಕೊಡೆ ಮಗುಚೋದು."

ಷಡಕ್ಷರಪ್ಪನವರು ಸ್ಟೂಲು ಹತ್ತಿ ಟೋಪಿ ನೋಡಿ ಇಳಿದರು.

"ಅಂಚಿಗೆ ಹಳದಿ ಕುಚ್ಚು ಐತಲ್ಲ" ಎಂದೆ ನಾನು.

"ಇರ್ಲಿ ಬಿಡು ಚಿಕ್ಕಣ್ಣ, ಅದಕ್ಕೇನು ಬೇರೆ ಕಾಸು ಕೇಳ್ತಿಲ್ಲವಲ್ಲ."

ಕೊಡೆಯನ್ನು ತಂದು ನಿಲ್ದಾಣದಲ್ಲಿ ನೆಟ್ಟು, ಅಲುಗಬಾರದೆಂದು ಕಂಬದ ಬುಡಕ್ಕೆ ಸಿಮೆಂಟಿನ ದುಂಡು ಕಟ್ಟೆ ಕಟ್ಟಿಸಿದೆವು. ಅದು ಒಣಗುವ ಮೊದಲೇ ಷಡಕ್ಷರಪ್ಪನವರ ಹೆಂಡತಿ ರುದ್ರಮ್ಮ ಆ ದಾರಿಯಲ್ಲಿ ಬಂದರು. ಕೆಂಪು ಬಟ್ಟೆ, ಹಳದಿ ಕುಚ್ಚು, ಕೆಳಗೆ ಕಟ್ಟೆ. ಉತ್ಸವದಲ್ಲಿ ದೇವರಿಗೆ ಹಿಡಿಯುವ ಸತ್ತಿಗೆಯೂ ಹೀಗೆಯೇ ಇರುತ್ತದೆ. ಅವರು ಚಪ್ಪಲಿ ಬಿಟ್ಟು ಕೈಮುಗಿದು ಹೋದರು. ಸಂಜೆಗೆ ಕಂಬಕ್ಕೆ ಕುಂಕುಮ ಬಿತ್ತು, ಬೆಳಿಗ್ಗೆ ಚೆಂಡು ಹೂವಿನ ಹಾರ. ಬಸ್ಸಿಗೆ ಬಂದವರು ದೂರದಲ್ಲಿ, ಬಿಸಿಲಲ್ಲಿ, ಮರ್ಯಾದೆಯಿಂದ ನಿಂತರು.

ಮುದ್ದಮ್ಮ ಬುಟ್ಟಿ ತಂದು ಕಟ್ಟೆಯ ಮೇಲೆ ಕುಳಿತಳು.

"ಎದ್ದೇಳೇ ಮುದ್ದಮ್ಮ" ಎಂದರು ರುದ್ರಮ್ಮ. "ಸತ್ತಿಗೆ ಕೆಳಗೆ ಕಡ್ಲೆಕಾಯಿ ಮಾರ್ತಾರೇನೇ?"

"ಇದು ಕೊಡೆ ಕಣ್ರವ್ವ. ನಿಮ್ಮ ಯಜಮಾನ್ರೇ ತಂದಿದ್ದು."

"ತಂದಾಗ ಕೊಡೆ. ಈಗ ಪೂಜೆ ಆಗೈತೆ."

ಪೂಜೆ ಎಂದ ಮೇಲೆ ಮುದ್ದಮ್ಮನೂ ಕಂಬಕ್ಕೆ ಕೈಮುಗಿದು ಬಿಸಿಲಿಗೆ ಹೋದಳು.

ನಾನು ಇಂದ್ರೇಶನಿಗೆ ಫೋನ್ ಮಾಡಿಸಿ, ಬದಲಿಗೆ ಆ ನೀಲಿಯದನ್ನೇ ಕೊಡಪ್ಪ ಎಂದೆ. ಕುಂಕುಮ ಹತ್ತಿದ ಮಾಲು ವಾಪಸ್ ತಗೊಳ್ಳುವುದಿಲ್ಲ, ದೋಷ ಬರುತ್ತದೆ ಎಂದ. ಕೊಡೆ ಗಾಳಿಗೆ ತಡೆಯಿತೇ ಎಂದೂ ಕೇಳಿದ. ತಡೆಯಿತು ಎಂದೆ.

ಮಧ್ಯಾಹ್ನ ಇಳಿಯುವಾಗ ಮುದ್ದಮ್ಮ ತಲೆಸುತ್ತು ಎಂದು ಪಾವು ಕೆಳಗಿಟ್ಟಳು. ನೀರು ಕೊಟ್ಟೆ. ಹೊತ್ತು ಪಡುವಲಿಗೆ ವಾಲಿತ್ತು. ಕೊಡೆಯ ನೆರಳು ಕಟ್ಟೆ ಬಿಟ್ಟು ಮೂಡಲ ಕಡೆ ಮಣ್ಣಿನ ಮೇಲೆ ಬಿದ್ದಿತ್ತು. ನಾನು ಬುಟ್ಟಿಯನ್ನು ಅಲ್ಲಿಗೆ ಎಳೆದೆ. ಬುಟ್ಟಿಯ ಹಿಂದೆ ಅವಳೂ ಬಂದಳು.

ಅರಸೀಕೆರೆ ಬಸ್ಸಿಗೆಂದು ರುದ್ರಮ್ಮ ಬಂದರು. ಕೊಡೆ ನೋಡಿದರು, ಮುದ್ದಮ್ಮನನ್ನು ನೋಡಿದರು. ಬಿಸಿಲಲ್ಲಿ ನಿಂತಿದ್ದವರೆಲ್ಲ ರುದ್ರಮ್ಮನನ್ನು ನೋಡಿದರು.

"ಏನೇ ಇದು?"

"ಸತ್ತಿಗೆ ಅಲ್ಲೈತೆ. ನಾನು ಇಲ್ಲಿವ್ನಿ."

"ನೆರಳು ಅದರದ್ದೇ ಅಲ್ವೇನೇ?"

"ನೆರಳಿಗೆ ಯಾರೂ ಕುಂಕುಮ ಇಟ್ಟಿಲ್ಲವಲ್ಲ ರುದ್ರಮ್ಮೋರೆ."

ರುದ್ರಮ್ಮ ಬಗ್ಗಿ ನೆರಳನ್ನು ನೋಡಿದರು. ಅವರ ಹಣೆಯಲ್ಲೂ ಬೆವರಿತ್ತು. ಚಪ್ಪಲಿ ಮೆಟ್ಟಿಕೊಂಡೇ ನೆರಳಿಗೆ ಬಂದು ನಿಂತರು.

"ಒಂದು ಪಾವು ಹಾಕು. ಜೊಳ್ಳು ಹಾಕ್ಬೇಡ."

ಅವರ ಹಿಂದೆ ಉಳಿದವರೂ ಬಂದರು.

ಈಗ ಬೆಳಿಗ್ಗೆ ನೆರಳು ಹೋಟೆಲ್ ಕಡೆ ಇರುತ್ತದೆ, ಸಂಜೆ ಶಾಲೆ ಕಡೆ. ಮುದ್ದಮ್ಮ ಬುಟ್ಟಿ ಹಿಡಿದು ಅದರ ಜೊತೆ ಸುತ್ತುತ್ತಾಳೆ, ಬಸ್ಸಿನವರೂ ಸುತ್ತುತ್ತಾರೆ. ಸೂರ್ಯ ನೆತ್ತಿಗೆ ಬಂದಾಗ ಮಾತ್ರ ನೆರಳು ಕಟ್ಟೆಯ ಮೇಲೇ ಬೀಳುತ್ತದೆ. ಆ ಹೊತ್ತಿಗೆ ಮುದ್ದಮ್ಮ ಊಟಕ್ಕೆ ಮನೆಗೆ ಹೋಗುತ್ತಾಳೆ.