ಡ್ರೈವರಣ್ಣ ಸಹಿ ಹಾಕುವ ಮುಂಚೆ

ಬಸ್ಸು ಹೊರಟು ಅರ್ಧ ಗಂಟೆಯೂ ಆಗಿರುತ್ತಿರಲಿಲ್ಲ, ಡ್ರೈವರಣ್ಣ ಮೂತ್ರಕ್ಕೆಂದು ಗಾಡಿ ನಿಲ್ಲಿಸಿ ಇಳಿದುಬಿಡುತ್ತಿದ್ದ.

"ಇನ್ಮೇಲೆ ಮರಕ್ಕೊಂದು ಸ್ಟಾಪ್ ಕೊಟ್ಬಿಡೋಣ ಬಿಡಣ್ಣ," ಎಂದು ಕಂಡಕ್ಟರ್ ನಗುತ್ತಿದ್ದ.

ಡ್ರೈವರಣ್ಣನ ಹೆಂಡತಿಗೆ ನಗು ಬರಲಿಲ್ಲ. ಬೆನ್ನು ಬಿಡದೆ ಆಸ್ಪತ್ರೆಗೆ ಕರೆದೊಯ್ದಳು. "ಈ ವಯಸ್ಸಲ್ಲಿ ಇದು ಹೆಚ್ಚಾಗಿ ಕ್ಯಾನ್ಸರ್ ಆಗಿರಲ್ಲ, ಆದ್ರೂ ನೋಡಿಬಿಡೋಣ," ಎಂದರು ಡಾಕ್ಟರು. ನೋಡಿದರೆ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರೇ ಇತ್ತು. ಪುಣ್ಯಕ್ಕೆ ಬೇಗ ಸಿಕ್ಕಿತ್ತು. ಆಪರೇಷನ್ನಿಗೆ ದಿನ ಗೊತ್ತಾಯಿತು.

ಅದರ ಹಿಂದಿನ ದಿನ ನರ್ಸ್ ಒಂದು ಕಾಗದ ತಂದಳು. ತೆಗೆಯುವ ಗ್ರಂಥಿಯ ಒಂದು ಚೂರನ್ನು, ಅದರಲ್ಲಿ ವೈರಸ್ ಇದೆಯೇ ಎಂದು ಹುಡುಕುವ ಸಂಶೋಧನೆಗೆ ಕೊಡಲು ಒಪ್ಪಿಗೆ ಪತ್ರ. ಓದುತ್ತಿದ್ದ ಹೆಂಡತಿಯ ಕಣ್ಣು 'ಹರ್ಪಿಸ್ ಗುಂಪಿನ ವೈರಸ್' ಎಂಬಲ್ಲಿ ನಿಂತಿತು. ಹರ್ಪಿಸ್ ಅಂದರೆ ಲೈಂಗಿಕ ಸಂಬಂಧದಿಂದ ಹರಡುವ ರೋಗ ಎಂದಷ್ಟೇ ಅವಳು ಕೇಳಿದ್ದಳು. ಗಂಡನದು ಊರೂರು ಸುತ್ತುವ ಕೆಲಸ ಬೇರೆ.

"ಇದು ಕೆಟ್ಟ ಚಾಳಿಯವರಿಗೆ ಬರೋ ಕಾಯಿಲೆ ಅಲ್ವಾ?" ಗಂಡನ ಕಡೆ ನೋಡದೆ ನರ್ಸನ್ನು ಕೇಳಿದಳು.

ಡ್ರೈವರಣ್ಣನ ಮುಖ ಕಪ್ಪಿಟ್ಟಿತು. "ನಾನು ಸಹಿ ಹಾಕಲ್ಲ. ತಗೊಂಡು ಹೋಗಿ ಸಿಸ್ಟರ್."

ನರ್ಸ್ ಹೋಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತಳು. "ಅಕ್ಕ, ಚಿಕ್ಕೋರಿದ್ದಾಗ ನಿಮಗೆ ಚಿಕನ್ ಪಾಕ್ಸ್ ಬಂದಿತ್ತಾ?"

"ಬಂದಿತ್ತು."

"ಅದೂ ಇದೇ ಮನೆತನದ ವೈರಸ್ಸು. ಹರ್ಪಿಸ್ ಅಂದ್ರೆ ದೊಡ್ಡ ಕುಟುಂಬ ಅಕ್ಕ, ಒಂದೊಂದರ ಬುದ್ಧಿ ಒಂದೊಂದು ಥರ. ನಾವು ಹುಡುಕ್ತಿರೋ ವೈರಸ್ಸು ಎಷ್ಟೋ ಜನಕ್ಕೆ ಮಗುವಾಗಿದ್ದಾಗ್ಲೇ ಎಂಜಲಿಂದ ಬಂದಿರುತ್ತೆ. ಇದರಲ್ಲಿ ಯಾರ ನಡತೆ ಮಾತೂ ಇಲ್ಲ."

"ಹಾಗಾದ್ರೆ ಕ್ಯಾನ್ಸರ್ ತಂದಿದ್ದು ಅದೇನಾ?"

"ಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಹುಡುಕ್ತಿರೋದು. ಕ್ಯಾನ್ಸರ್ ಇದ್ದೋರ ಗ್ರಂಥಿ ಚೂರು, ಇಲ್ಲದೋರದ್ದು, ಎರಡನ್ನೂ ಹೋಲಿಸಿ ನೋಡ್ಬೇಕು. ಸಂಬಂಧ ಇಲ್ಲ ಅಂತ ತಿಳಿದ್ರೂ ಒಳ್ಳೇದೇ."

"ಕೊಡದಿದ್ರೆ?" ಡ್ರೈವರಣ್ಣ ಕೇಳಿದ.

"ನಿಮ್ಮ ಚಿಕಿತ್ಸೆಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಲ್ಲ. ಕೊಟ್ರೂ ನಿಮ್ಮ ಹೆಸರು ಹೊರಗೆ ಬರಲ್ಲ."

ಹೆಂಡತಿ ಗಂಡನ ಕಡೆ ತಿರುಗಿದಳು. "ಒಂದು ಪದ ಓದಿ ಒಂದು ಪುರಾಣ ಕಟ್ಕೊಂಡೆ. ಬೇಜಾರು ಮಾಡ್ಕೋಬೇಡಿ ರೀ."

"ನನ್ನ ಮೇಲೆ ಅನುಮಾನ ಪಡೋಕೆ ಮೂವತ್ತು ವರ್ಷ ತಗೊಂಡ್ಯಲ್ಲ, ಅದೇ ಪುಣ್ಯ," ಎಂದು ಡ್ರೈವರಣ್ಣ ಪೆನ್ನಿಗೆ ಕೈ ಚಾಚಿದ.

ಆಪರೇಷನ್ ಚೆನ್ನಾಗಿ ಆಯಿತು. ಮೂರು ತಿಂಗಳಿಗೆ ಅವನು ಮತ್ತೆ ಕೆಲಸಕ್ಕೆ ಹೋದ. ವೈರಸ್ಸಿನ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ. "ನಿಧಾನಕ್ಕೆ ಬರಲಿ. ನಮಗಲ್ಲದಿದ್ರೂ ಇನ್ಯಾರ ಮನೆಗೋ ಉಪಯೋಗ ಆಗುತ್ತೆ," ಎನ್ನುತ್ತಾಳೆ ಹೆಂಡತಿ.

ಅಣ್ಣಂದಿರೇ, ಐವತ್ತು ದಾಟಿದ ಮೇಲೆ ಮೂತ್ರದ ತೊಂದರೆ ಕಂಡರೆ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ. ಅಕ್ಕಂದಿರೇ, ಜೊತೆಗೆ ಹೋಗಿ. ಸಂಶೋಧನೆಗೆ ಒಪ್ಪಿಗೆ ಕೇಳಿದರೆ ಹೆದರಬೇಡಿ, ಅರ್ಥವಾಗದ್ದನ್ನೆಲ್ಲ ಕೇಳಿ ತಿಳಿದುಕೊಳ್ಳಿ. ಆಮೇಲೆ ಹೂಂ ಅನ್ನುವುದೋ ಊಹೂಂ ಅನ್ನುವುದೋ, ಅದು ನಿಮ್ಮಿಷ್ಟ.