ಬಿಸಿಲು ಕಾಣದ ಹಸಿರು

"ಬಿಳಿ ಅಂದ್ರೆ ಬಿಳಿ. ಅದರಲ್ಲಿ ಇನ್ನೇನಿದೆ?" ಎಂದು ಇಡೀ ಕಾರಿಗೆ ಹೊಸದಾಗಿ ಬಣ್ಣ ಹೊಡೆಸಲು ಬಂದವನು ಕೇಳಿದಾಗ ಬಣ್ಣದ ಮೇಸ್ತ್ರಿ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಪೆಟ್ರೋಲ್ ಟ್ಯಾಂಕಿನ ಪುಟ್ಟ ಬಾಗಿಲನ್ನು ಬಿಚ್ಚಿ ತಂದು, ಅದರ ಒಳಮೈಯನ್ನು ಕಾರಿನ ಬಾಗಿಲಿಗೆ ತಾಗಿಸಿ ಹಿಡಿದ. ಕಾರು ಹಳೆಯ ಹಲ್ಲಿನ ಹಾಗೆ ಹಳದಿಗಟ್ಟಿತ್ತು. ಒಳಮೈ ಮಾತ್ರ ಕಂಪನಿಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇತ್ತು. ಕಾರಿನವನು ಬಗ್ಗಿ ಎರಡನ್ನೂ ನೋಡಿದ. ಮೇಸ್ತ್ರಿ ಈ ಶೆಡ್ಡಿಗೆ ಬಂದವರಿಗೆಲ್ಲ ಹೇಳುವ ಮಾತು ಒಂದೇ: ಕಣ್ಣನ್ನು ನಂಬಬೇಡಿ, ನೆನಪನ್ನಂತೂ ನಂಬಲೇಬೇಡಿ, ಬಿಸಿಲು ಕಾಣದ ಜಾಗದಿಂದ ಒಂದು ತುಣುಕು ತನ್ನಿ.

ಆಗಲೇ ಜೇಬಿನಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಕೈ ಒರೆಸಿಕೊಂಡು ನೋಡಿದರೆ ಗಿಟಾರ್ ಕಂಪನಿಯ ಪತ್ರ.

ಮೇಸ್ತ್ರಿಗೆ ಗಿಟಾರಿನ ಒಂದು ತಂತಿಯನ್ನೂ ನೆಟ್ಟಗೆ ಮೀಟಲು ಬಾರದು. ಆದರೂ ಹಳೆಯ ಎಲೆಕ್ಟ್ರಿಕ್ ಗಿಟಾರುಗಳ ಹುಚ್ಚು ಹಿಡಿದವರ ಒಂದು ಗುಂಪಿನಲ್ಲಿ ಅವನು ಹನ್ನೊಂದು ವರ್ಷದಿಂದ ಇದ್ದ. ಪ್ರತಿ ವರ್ಷದ ಕೊನೆಗೆ ಆ ಕಂಪನಿ, ನಿಂತುಹೋದ ಯಾವ ಮಾದರಿಯನ್ನು ಮತ್ತೆ ತಯಾರಿಸಬೇಕು ಎಂದು ಗುಂಪಿನವರನ್ನು ಕೇಳುತ್ತಿತ್ತು. ಒಬ್ಬ ತಾಮ್ರದ ಬಣ್ಣ ಬೇಕೆನ್ನುವನು, ಇನ್ನೊಬ್ಬ ಗುಲಾಬಿ ಎನ್ನುವನು, ಮತ್ತೊಬ್ಬ ಒಡಲಿನ ಮೇಲ್ತುದಿ ಕೊಂಬಿನಂತೆ ಉದ್ದಕ್ಕೆ ಚಾಚಿದ ಅದೇ ಹಳೆಯ ಆಕಾರವೇ ಆಗಬೇಕೆಂದು ಹಟ ಹಿಡಿಯುವನು. ಮೇಸ್ತ್ರಿಯ ಬೇಡಿಕೆ ಮಾತ್ರ ವರ್ಷ ವರ್ಷವೂ ಒಂದೇ ಸಾಲು: ಎರಡು ಕೊಂಬಿನ ಮಾದರಿ, ಹಾಲು ಬೆರೆಸಿದಂಥ ಆ ತಿಳಿಹಸಿರಿನಲ್ಲಿ. ಗುಂಪಿನವರು ಅವನಿಗೆ ಹಸಿರು ಮಾಮ ಎಂದೇ ಹೆಸರಿಟ್ಟಿದ್ದರು. ಏನಾದರೂ ನುಡಿಸಿ ಕೇಳಿಸು ಮಾಮ ಎಂದರೆ, ಬೆರಳು ನೋವು ಎಂದು ಜಾರಿಕೊಳ್ಳುತ್ತಿದ್ದ.

ಪತ್ರದಲ್ಲಿ ಸಂತೋಷದ ಸುದ್ದಿಯೇ ಇತ್ತು. ಹಸಿರನ್ನು ಮತ್ತೆ ತರಲು ತೀರ್ಮಾನಿಸಿದ್ದಾರೆ. ಆದರೆ ಆ ಬಣ್ಣದ ಅಳತೆ ಅವರ ಹಳೆಯ ಪುಸ್ತಕಗಳಲ್ಲಿ ಉಳಿದಿಲ್ಲ. ನಿಮ್ಮ ಕುಟುಂಬದಲ್ಲಿ ಆ ಕಾಲದ್ದೇ ಒಂದು ಗಿಟಾರು ಇದೆಯೆಂದು ಬರೆದಿದ್ದೀರಿ. ತಂತಿಗಳ ಕೆಳಗಿನ ಬಿಳಿ ಪ್ಲೇಟನ್ನು ಬಿಚ್ಚಿದರೆ ಅಡಿಯಲ್ಲಿ ಬಿಸಿಲು ತಾಗದ ಬಣ್ಣ ಇರುತ್ತದೆ. ಅಂಚೆಯಲ್ಲಿ ಬಣ್ಣದ ಕಾರ್ಡು ಕಳಿಸುತ್ತಿದ್ದೇವೆ, ಯಾವ ನಂಬರಿಗೆ ಹೊಂದುತ್ತದೆಂದು ತಿಳಿಸಿ.

ತಾನು ಊರಿಗೆಲ್ಲ ಹೇಳುವ ಬುದ್ಧಿಮಾತು ತಿರುಗಿ ತನ್ನ ಬಾಗಿಲಿಗೇ ಬಂದಿತ್ತು. ಮೇಸ್ತ್ರಿಯ ಕಿವಿ ಬಿಸಿಯಾಯಿತು.

ಗಿಟಾರು ಅವನ ಅಕ್ಕನ ಗಂಡನದು. ಮೂವತ್ತೆರಡು ವರ್ಷದ ಹಿಂದೆ ಭಾವ ಒಂದು ದೊಡ್ಡ ಹೋಟೆಲಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದರು. ಅವರ ತಂದೆಗೆ ಕಣ್ಣಿನ ಆಪರೇಷನ್ ಎಂದು ಎರಡು ವಾರ ಬೇರೆ ಊರಿಗೆ ಹೋದಾಗ, ಗಿಟಾರನ್ನು ಭಾಮೈದನ ಸುಪರ್ದಿಗೆ ಬಿಟ್ಟಿದ್ದರು. ಆಗ ಮೇಸ್ತ್ರಿಗೆ ಇಪ್ಪತ್ತರ ವಯಸ್ಸು. ಅದನ್ನು ಶೆಡ್ಡಿಗೆ ಒಯ್ದು, ಆಗಷ್ಟೇ ಪಾಲಿಶ್ ಆದ ಕಾರಿನ ಬಾಗಿಲಲ್ಲಿ ತನ್ನ ಬಿಂಬ ನೋಡಿಕೊಳ್ಳುತ್ತ, ಸೊಂಟ ಬಳುಕಿಸಿ ನಿಂತಿದ್ದ. ಹೆಗಲ ಪಟ್ಟಿ ಕಳಚಿತು. ಗಿಟಾರು ಸಿಮೆಂಟ್ ನೆಲಕ್ಕೆ ಬಿತ್ತು. ಉದ್ದನೆಯ ಕತ್ತು ಒಡಲಿಗೆ ಕೂಡುವ ಜಾಗದಿಂದ ಒಂದು ಸೀಳು ಹೊರಟು ಪ್ಲೇಟಿನ ಕೆಳಗೆ ನುಸುಳಿತ್ತು.

ಪ್ಲೇಟು ಬಿಚ್ಚಿ, ಕಾರಿನ ತಗ್ಗು ತುಂಬುವ ಪುಟ್ಟಿಯನ್ನೇ ಸೀಳಿಗೆ ತುಂಬಿ ತಿಕ್ಕಿದ. ಹಸಿರು ಬೆರೆಸಲು ಆಗ ಅವನಿಗೆ ಬರುತ್ತಿರಲಿಲ್ಲ. ಕಪ್ಪು ಡಬ್ಬಿಯಲ್ಲೇ ಸಿಗುತ್ತಿತ್ತು, ಮತ್ತು ಕಪ್ಪು ಎಲ್ಲವನ್ನೂ ಮುಚ್ಚುತ್ತದೆ. ಪ್ಲೇಟನ್ನು ಮತ್ತೆ ಕೂರಿಸಿ, ಅದರ ಸುತ್ತ ಟೇಪು ಅಂಟಿಸಿ ಇಡೀ ಗಿಟಾರಿಗೆ ಕಪ್ಪು ಹೊಡೆದ. ಭಾವ ಬಂದಾಗ, ನಿಮಗೆ ಅಂತ ಹೊಸದು ಮಾಡಿದೆ ಎಂದುಬಿಟ್ಟ. ಭಾವ ಗಿಟಾರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಆಮೇಲೆ ಅವನ ಬೆನ್ನು ತಟ್ಟಿದರು. ಅಕ್ಕಪಕ್ಕದವರನ್ನೆಲ್ಲ ಕರೆದು, ನಮ್ಮ ಹುಡುಗನದು ಚಿನ್ನದ ಕೈ ಎಂದು ತೋರಿಸಿದರು. ಅಂದಿನಿಂದ ಮನೆಗೆ ನೆಂಟರು ಬಂದಾಗಲೆಲ್ಲ ಆ ಹೊಗಳಿಕೆ ನಡೆಯುತ್ತಲೇ ಇತ್ತು. ಮೇಸ್ತ್ರಿ ತಲೆ ತಗ್ಗಿಸಿ ಕೂತರೆ, ನೋಡಿ ಎಷ್ಟು ವಿನಯ ಎನ್ನುತ್ತಿದ್ದರು.

ಮುಂದಿನ ವರ್ಷ ಭಾವ ಬ್ಯಾಂಡು ಬಿಟ್ಟು ಗೋದಾಮಿನ ಕೆಲಸಕ್ಕೆ ಸೇರಿದರು. ಸಾಕಾಯ್ತಪ್ಪ ಎಂದಷ್ಟೇ ಹೇಳಿದ್ದರು. ಆ ಕಪ್ಪು ಗಿಟಾರನ್ನು ಹಿಡಿಯಲು ಅವರಿಗೆ ಮನಸ್ಸಾಗಲಿಲ್ಲ, ಹಸಿರು ಹೋದಾಗಲೇ ಅವರ ಆಸೆಯೂ ಹೋಯಿತು ಎಂದು ಮೇಸ್ತ್ರಿ ಆಗಲೇ ನಿರ್ಧರಿಸಿಕೊಂಡ. ಬಣ್ಣ ಬೆರೆಸುವುದರಲ್ಲಿ ಪಳಗಿದ ಮೇಲೆ, ಮತ್ತೆ ಹಸಿರು ಹೊಡೆದುಕೊಡಬಹುದಿತ್ತು. ಆದರೆ ಕಪ್ಪನ್ನು ಕೆರೆದರೆ ಪುಟ್ಟಿ ಕಾಣುತ್ತದೆ. ಕಂಪನಿಯೇ ಹಸಿರನ್ನು ಮತ್ತೆ ತಂದರೆ ಹೊಸದೊಂದನ್ನು ಕೊಂಡು ಭಾವನ ಮಡಿಲಲ್ಲಿ ಇಟ್ಟುಬಿಡಬಹುದು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಹನ್ನೊಂದು ವರ್ಷದ ಬೇಡಿಕೆಯ ಹಿಂದಿದ್ದ ಗುಟ್ಟು ಇಷ್ಟೇ.

ಕಾರ್ಡು ಬಂತು. ಮೇಸ್ತ್ರಿ ಮೊದಲು ಕಳ್ಳದಾರಿಯನ್ನೇ ಹಿಡಿದ. ಶೆಡ್ಡಿನ ಮೂಲೆಯಲ್ಲಿ ಕೂತು ನೆನಪಿನಿಂದಲೇ ಹಸಿರು ಬೆರೆಸಿ ಏಳು ಹಲಗೆ ತುಂಡುಗಳಿಗೆ ಬಳಿದ. ಬೆಳಿಗ್ಗೆ ಮೂರನೆಯದೇ ಸರಿ ಎನ್ನಿಸಿತು, ಮಧ್ಯಾಹ್ನಕ್ಕೆ ಐದನೆಯದು, ಸಂಜೆಗೆ ಏಳೂ ಸುಳ್ಳು. ತಪ್ಪು ನಂಬರು ಕೊಟ್ಟರೆ ತಪ್ಪು ಹಸಿರೇ ಭಾವನ ಮಡಿಲಿಗೆ ಬರುತ್ತದೆ. ಇನ್ನೊಂದು ಸಲ ಅವರಿಗೆ ನಕಲಿ ಕೊಟ್ಟಂತಾಗುತ್ತದೆ. ಅಷ್ಟು ನಾಚಿಕೆಗೆಟ್ಟ ಕೆಲಸ ಅವನಿಂದ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರು, ಕಾರ್ಡು ಹಿಡಿದು ಅಕ್ಕನ ಮನೆಗೆ ಹೋದ. ಸಂಗತಿ ಕೇಳಿ ಭಾವನಿಗೆ ಹಿಗ್ಗೋ ಹಿಗ್ಗು. ನಮ್ಮ ಗಿಟಾರು ನೋಡಿ ಕಂಪನಿಯವರು ಬಣ್ಣ ಮಾಡ್ತಾರಂತೆ ಎಂದು ಅಡುಗೆಮನೆಯಲ್ಲಿದ್ದ ಹೆಂಡತಿಗೆ ಎರಡು ಸಲ ಹೇಳಿದರು. ಅಕ್ಕ ಈಚೆ ಬಂದು, ಇವನು ಅವತ್ತೇ ಎಷ್ಟು ಆಸೆಯಿಂದ ಬಣ್ಣ ಹೊಡ್ದಿದ್ದ ಎಂದು ಹಳೆಯ ಕಥೆ ತೆಗೆದಳು. ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ನೋಡುತ್ತ ಕೂತ.

ಮೇಜಿನ ಮೇಲೆ ಟವೆಲು ಹಾಸಿ ಗಿಟಾರನ್ನು ಮಲಗಿಸಿದರು. ನಾನೊಬ್ಬನೇ ನೋಡ್ಕೋತೀನಿ, ನೀವು ಪೇಪರ್ ಓದಿ ಎಂದು ಮೇಸ್ತ್ರಿ ಹೇಳಿ ನೋಡಿದ. ಭಾವ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಅವರ ಕಣ್ಣು ಈಗ ಮಂಜಾಗಿದೆ. ಅದೊಂದೇ ಧೈರ್ಯದ ಮೇಲೆ ಅವನು ತಂತಿ ಸಡಿಲಿಸಿ, ಹನ್ನೊಂದು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಪ್ಲೇಟನ್ನು ಎತ್ತಿದ.

ಹಸಿರು ಇತ್ತು. ಮೂವತ್ತೆರಡು ವರ್ಷ ಕತ್ತಲಲ್ಲಿ ಕೂತಿದ್ದರೂ ಚೂರೂ ಮಾಸಿರಲಿಲ್ಲ. ಏಳು ಹಲಗೆಗಳಲ್ಲಿ ಒಂದೂ ಅದರ ಹತ್ತಿರಕ್ಕೂ ಸುಳಿದಿರಲಿಲ್ಲ. ಅದರ ನಡುವೆ, ಕತ್ತಿನ ಕಡೆಯಿಂದ, ಕಿರುಬೆರಳಿನಷ್ಟು ಉದ್ದದ ಬೂದು ಪುಟ್ಟಿಯ ಗೆರೆ.

"ಅಯ್ಯೋ, ಹಾಗೇ ಇದೆಯಲ್ಲೋ" ಎಂದು ಭಾವ ಮಗುವಿನ ಕೆನ್ನೆ ಸವರುವ ಹಾಗೆ ಬೆರಳು ಆಡಿಸಿದರು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. "ಇದೇನೋ, ಇಲ್ಲಿ ಉಬ್ಬಿದೆ?"

ಮರದ ಜೋಡಣೆ ಎಂದರೆ ಮುಗಿಯುತ್ತಿತ್ತು. ದಾರಿಯುದ್ದಕ್ಕೂ ಆ ಸುಳ್ಳು ನಾಲಿಗೆಯ ಮೇಲೇ ಇತ್ತು. ಆದರೆ ಆ ಬೆರಳು ಇನ್ನೂ ಅಲ್ಲೇ, ಪುಟ್ಟಿಯ ಮೇಲೇ ಕಾಯುತ್ತಿತ್ತು.

"ಪುಟ್ಟಿ, ಭಾವ. ನಾನು ಇದನ್ನ ಕೆಳಗೆ ಬೀಳಿಸಿದ್ದೆ. ಸೀಳು ಬಿಟ್ಟಿತ್ತು. ಅದು ಕಾಣಬಾರದು ಅಂತ ಕಪ್ಪು ಹೊಡ್ದೆ. ನಿಮಗೋಸ್ಕರ ಅಲ್ಲ."

ಬೈಗುಳ ಬೀಳುತ್ತದೆಂದು ಮೇಸ್ತ್ರಿ ಕಾದ. ಎಂಥ ಬಣ್ಣ ಹಾಳು ಮಾಡಿದೆ ಎನ್ನುತ್ತಾರೆ, ಇಷ್ಟು ವರ್ಷ ಹೊಗಳಿಸಿಕೊಂಡೆಯಲ್ಲ ಎನ್ನುತ್ತಾರೆ. ಎರಡಕ್ಕೂ ತಲೆ ಬಾಗಿಸಲು ಸಿದ್ಧನಾಗಿದ್ದ. ಭಾವ ಬಣ್ಣದ ಸುದ್ದಿಯನ್ನೇ ಎತ್ತಲಿಲ್ಲ. ಬೆರಳನ್ನು ಗೆರೆಯ ಮೇಲೇ ಜಾರಿಸುತ್ತ ಕತ್ತಿನ ಬುಡಕ್ಕೆ ತಂದರು. ಇನ್ನೊಂದು ಕೈಯಿಂದ ಕತ್ತನ್ನು ಹಿಡಿದು ಮೆಲ್ಲಗೆ ಒತ್ತಿದರು. ಕೂದಲೆಳೆಯಷ್ಟು ಅಲ್ಲಾಡಿತು.

"ಕತ್ತಿನ ತನಕ ಹೋಗಿದ್ಯಾ ಇದು?"

"ಹೂಂ."

ಭಾವ ಕತ್ತನ್ನು ಇನ್ನೊಮ್ಮೆ ಒತ್ತಿ ನೋಡಿದರು. "ಅದಕ್ಕೇ ಎರಡು ಹಾಡು ಮುಗಿಯೋದ್ರೊಳಗೆ ತಂತಿ ಸಡಿಲಾಗಿ ಶ್ರುತಿ ಇಳಿದುಬಿಡ್ತಿತ್ತು ಕಣೋ" ಎಂದರು. "ಬ್ಯಾಂಡಿನವರು ಮುಖ ಮುಖ ನೋಡ್ಕೊಳ್ಳೋರು. ನನ್ನ ಕಿವಿ ಹೋಯ್ತು ಅಂದ್ಕೊಂಡೆ. ಡಾಕ್ಟ್ರು ಕಿವಿ ಚೆನ್ನಾಗೇ ಇದೆ ಅಂದ್ರು. ಹಾಗಾದ್ರೆ ಕೈಯೇ ಕೆಟ್ಟಿದೆ ಅಂತ ಬಿಟ್ಟುಬಿಟ್ಟೆ."

ಹಸಿರು, ಹಸಿರು ಎಂದು ಮೇಸ್ತ್ರಿ ಹನ್ನೊಂದು ವರ್ಷ ಕೇಳಿದ್ದ. ಹೋಗಿದ್ದು ಹಸಿರಾಗಿರಲೇ ಇಲ್ಲ. "ಗಿಟಾರಿನ ಮೇಲೆ ಅನುಮಾನ ಬರ್ಲಿಲ್ವಾ ಭಾವ?" ಎಂದ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೂ ಅವನಿಗೆ ನಾಚಿಕೆಯಾಯಿತು.

"ನೀನು ಅಷ್ಟು ಪ್ರೀತಿಯಿಂದ ಮಾಡಿಕೊಟ್ಟಿದ್ದೆ. ಅದರ ಮೇಲೆ ಹೇಗೋ ಅನುಮಾನ ಪಡ್ಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಮೇಸ್ತ್ರಿಯ ಮುಷ್ಟಿಯಲ್ಲಿ ಹನ್ನೊಂದು ಸ್ಕ್ರೂಗಳು ಬೆವರಿನಲ್ಲಿ ಒದ್ದೆಯಾಗಿದ್ದವು. ಕಾರ್ಡು ನೆಲಕ್ಕೆ ಬಿದ್ದಿದ್ದನ್ನು ಇಬ್ಬರೂ ಎತ್ತಲಿಲ್ಲ.

"ಬಣ್ಣ ಹೊಂದ್ತೇನ್ರೀ?" ಅಡುಗೆಮನೆಯಿಂದ ಅಕ್ಕ ಕೂಗಿ ಕೇಳಿದಳು.

ಭಾವ ತಂತಿ ಒತ್ತುತ್ತಿದ್ದ ಎಡಗೈಯನ್ನು ಕಣ್ಣಿನ ಹತ್ತಿರ ತಂದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ಹೊಂದ್ತು ಕಣೇ" ಎಂದರು. ಆಮೇಲೆ ಕೈಯನ್ನು ಕುರ್ಚಿಯ ತೋಳಿನ ಮೇಲೆ ಇಟ್ಟರು. ತೋರುಬೆರಳು ಮರವನ್ನು ಒತ್ತಿತು, ನಡುಬೆರಳು ಒತ್ತಿತು, ಉಂಗುರದ ಬೆರಳು ಸ್ವಲ್ಪ ತಡೆದು ಒತ್ತಿತು, ಕಿರುಬೆರಳು ಒತ್ತಿತು. ಮತ್ತೆ ತೋರುಬೆರಳಿನಿಂದ ಶುರುವಾಯಿತು.