ಏಳು ಸೆಕೆಂಡಿನ ರಸ್ತೆ

"ಬೇಗ ಅಜ್ಜಿ, ಬೇಗ! ಇನ್ನೆರಡೇ ಹೆಜ್ಜೆ!"

ಫಿಸಿಯೋಥೆರಪಿಸ್ಟ್ ಒಂದು ಕಣ್ಣನ್ನು ಸ್ಟಾಪ್‌ವಾಚಿನ ಮೇಲೆ, ಇನ್ನೊಂದನ್ನು ಗೋಡೆ ಗಡಿಯಾರದ ಮೇಲೆ ಇಟ್ಟಿದ್ದಳು. ದಿನಕ್ಕೆ ಒಂಬತ್ತು ಮನೆ ಸುತ್ತುವವಳಿಗೆ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ಸೊಂಟದ ಆಪರೇಷನ್ ಆಗಿದ್ದ ಅಜ್ಜಿಗಿದ್ದದ್ದು ಒಂದೇ ಆಸೆ: ಯಾರ ಕೈಯನ್ನೂ ಹಿಡಿಯದೆ ರಸ್ತೆ ದಾಟಿ, ಎದುರುಮನೆಯ ತಂಗಿಯ ಜೊತೆ ಮನಸಾರೆ ಜಗಳವಾಡಬೇಕು. ಅದಕ್ಕೆಂದೇ ಹಾಲ್‌ನಿಂದ ಅಡುಗೆಮನೆಯವರೆಗೆ, ರಸ್ತೆಯ ಅಗಲದಷ್ಟೇ ಎಂಟು ಮೀಟರ್ ಅಳೆದು ಟೇಪು ಅಂಟಿಸಿದ್ದರು.

"ಹದಿಮೂರು ಸೆಕೆಂಡು. ಏಳಕ್ಕೆ ಇಳೀಬೇಕು ಅಜ್ಜಿ. ತಿರುವಿಂದ ಇಲ್ಲಿಗೆ ಕಾರು ಬರೋಕೆ ಏಳೇ ಸೆಕೆಂಡು."

ಸೊಸೆ ಒಂದು ಹಾಳೆ ಹಿಡಿದು ಬಂದಳು. ಮನೆಗಳಿರುವ ಬೀದಿಗಳಲ್ಲಿ ವೇಗದ ಮಿತಿಯನ್ನು ಅರವತ್ತರಿಂದ ಮೂವತ್ತಕ್ಕೆ ಇಳಿಸಿ ಎಂಬ ಅರ್ಜಿ. "ಡಾಕ್ಟ್ರೇ, ಇವತ್ತಾದ್ರೂ ಸಹಿ ಹಾಕಿ."

"ಎಲ್ಲಾ ಬೀದೀಲೂ ಮೂವತ್ತು ಅಂದ್ರೆ ನನ್ನ ಒಂಬತ್ತನೇ ಮನೆಗೆ ಹೋಗೋದು ಯಾವಾಗ ಅಕ್ಕ? ಅವರೂ ಹಾಸಿಗೆಯಿಂದ ಎದ್ದೇಳೋಕಾಗ್ದೆ ನನ್ನೇ ಕಾಯ್ತಾ ಇರೋರು."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸೊಸೆ ಹಾಳೆಯನ್ನು ಮಡಚಿಕೊಂಡಳು.

ಅಜ್ಜಿ ಹಲ್ಲು ಕಚ್ಚಿ ಮತ್ತೆ ಹೊರಟಳು. ಐದನೆಯ ಹೆಜ್ಜೆಗೆ ಕೋಲು ಜಾರಿತು. ಫಿಸಿಯೋ ಹಾರಿ ಹಿಡಿಯದಿದ್ದರೆ ಸೊಂಟದ ಇನ್ನೊಂದು ಬದಿಯೂ ಹೋಗುತ್ತಿತ್ತು. ಇಬ್ಬರೂ ನೆಲದ ಮೇಲೆ ಕುಸಿದು ಕೂತರು.

ಉಸಿರು ಹತೋಟಿಗೆ ಬಂದಮೇಲೆ ಅಜ್ಜಿ ಕೇಳಿದಳು. "ಈ ಏಳು ಸೆಕೆಂಡು ಅಳೆದೋರು ಯಾರಮ್ಮ?"

"ನಾನೇ."

"ಯಾರ ಕಾರಲ್ಲಿ?"

"ನನ್ನದ್ರಲ್ಲೇ. ಅರವತ್ತರಲ್ಲಿ."

"ಹಾಗಾದ್ರೆ ನಿನ್ನ ಕಾರಿಗೆ ಹೆದರಿ ಓಡೋದನ್ನ ನೀನೇ ನಂಗೆ ಕಲಿಸ್ತಾ ಇದ್ದೀಯಾ?"

ಸೊಸೆಗೆ ನಗು ತಡೆಯಲಾಗಲಿಲ್ಲ. ಫಿಸಿಯೋಗೆ ಮಾತ್ರ ನಾಚಿಕೆಯಿಂದ ಮುಖ ಬಿಸಿಯಾಯಿತು. ಆರು ವಾರದಿಂದ ಅವಳು ಅಜ್ಜಿಯ ಕಾಲನ್ನೇ ದೂರುತ್ತಿದ್ದಳು. ಅದೇ ಕಾಲು ಈಗ ಅವಳ ಮುಂದೆ ಗಡಗಡ ನಡುಗುತ್ತಿತ್ತು.

ಮುಂದಿನ ಮನೆಗೆ ತಡವಾಗುತ್ತದೆಂದು ಫೋನು ಮಾಡಿ, ಸ್ಟಾಪ್‌ವಾಚನ್ನು ಸೊಸೆಯ ಕೈಗಿತ್ತು ಕಾರು ಹತ್ತಿದಳು. ಸೊಸೆಯ ಹಿಂದೆಯೇ ಅಜ್ಜಿಯೂ ಕೋಲೂರಿ ಗೇಟಿಗೆ ಬಂದಳು. ತಿರುವಿನಾಚೆ ಹೋಗಿ, ಮೂವತ್ತರಲ್ಲಿ ವಾಪಸು ಹೊರಟಳು. ಆಕ್ಸಿಲರೇಟರ್ ಇನ್ನಷ್ಟು ಒತ್ತೋಣವೆಂದು ಕಾಲು ತುರಿಸುತ್ತಿತ್ತು. ಹಿಂದಿನ ಕಾರಿನವನು ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. "ಮೆರವಣಿಗೆ ಹೊರಟಿದ್ದೀರಾ ಮೇಡಂ?" ಎಂದು ಕಿರುಚಿದ. ಆದರೂ ಮುಳ್ಳು ಮೂವತ್ತನ್ನು ದಾಟದಂತೆ ನೋಡಿಕೊಂಡಳು.

"ಹದಿನಾಲ್ಕು!" ಗೇಟಿನ ಬಳಿಯಿಂದ ಸೊಸೆ ಕೂಗಿದಳು.

ಫಿಸಿಯೋ ಕಾರು ನಿಲ್ಲಿಸಿ ಕಿಟಕಿಯಿಂದ ಕೈ ಚಾಚಿದಳು. "ಆ ಹಾಳೆ ಕೊಡಿ ಅಕ್ಕ." ಹಿಂದಿನ ಹಾರ್ನ್ ಬಡಿದುಕೊಳ್ಳುತ್ತಿದ್ದಂತೆಯೇ ಸ್ಟೀರಿಂಗ್ ಮೇಲಿಟ್ಟು ಸಹಿ ಹಾಕಿದಳು.

"ಅತ್ತೆ ಎಲ್ಲಿ?" ಸೊಸೆ ಗಾಬರಿಯಾಗಿ ಹಿಂದೆ ತಿರುಗಿದಳು.

ಅಜ್ಜಿ ಆಚೆ ಬದಿಯಲ್ಲಿದ್ದಳು. ಕೋಲಿನಿಂದ ತಂಗಿಯ ಬಾಗಿಲು ಬಡಿಯುತ್ತಿದ್ದಳು.

"ಬಾಗಿಲು ತೆಗಿಯೇ! ಒಬ್ಳೇ ಬಂದಿದ್ದೀನಿ. ಓಡ್ಕೊಂಡಲ್ಲ, ನಡ್ಕೊಂಡು ಬಂದಿದ್ದೀನಿ!"